ಆಲಿವ್ ಮರ ಮಾತಾಡುವುದಿಲ್ಲ

ಫೆಬ್ರುವರಿ 3, 1937. ಬುಧವಾರ

ಇದನ್ನು ಬರೆಯದೆ ಬಿಡಬೇಕೆಂದಿದ್ದೆ. ಇಡ್ವಾಲ್ ಸ್ಪೇನಿಗೆ, ಫ್ಯಾಸಿಸ್ಟರ ವಿರುದ್ಧ ಯುದ್ಧಕ್ಕೆ ಹೋಗುತ್ತೇನೆ ಎಂದಾಗ ನನಗೆ ಮೊದಲು ಆದದ್ದು ಭಯವಲ್ಲ, ಹೊಟ್ಟೆಕಿಚ್ಚು.

ಒಲೆಯ ಮೇಲೆ ಅವನ ಸ್ನಾನದ ನೀರು ಕಾಯುತ್ತಿತ್ತು. ಗಣಿಯಿಂದ ಬಂದವನು ಕೋಟು ಕೂಡ ಬಿಚ್ಚದೆ ಹೇಳಿದ. ಶುಕ್ರವಾರ ಲಂಡನ್, ಅಲ್ಲಿಂದ ಪ್ಯಾರಿಸ್. ವೀಕೆಂಡ್ ಟಿಕೆಟ್ಟಿಗೆ ಪಾಸ್‌ಪೋರ್ಟ್ ಕೇಳುವುದಿಲ್ಲವಂತೆ. ಜೊತೆಗೆ ಗಾರ್ನನ್. ಅವನಿಲ್ಲದೆ ಹೇಗೆ? ನಮ್ಮ ಮದುವೆಗೆ ಮುಂಚಿನಿಂದಲೂ ಗಣಿಯೊಳಗೆ ಇಬ್ಬರೂ ಜೋಡಿ. ಒಬ್ಬ ಕಡಿದ ಕಲ್ಲಿದ್ದಲನ್ನು ಇನ್ನೊಬ್ಬ ತುಂಬುತ್ತಾನೆ. ಒಬ್ಬನನ್ನು ಕೆಳಗೆ ಬಿಟ್ಟು ಇನ್ನೊಬ್ಬ ಮೇಲೆ ಬರುವುದಿಲ್ಲ. ಈ ವೆಲ್ಷ್ ಕಣಿವೆಯಲ್ಲಿ ಅದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ.

"ನೀನೇ ಓದಿ ಓದಿ ತಲೆಗೆ ತುಂಬಿದ್ದು," ಎಂದ.

"ಓದಿದ್ದು ನಾನು. ಹೋಗು ಅಂದಿಲ್ಲ."

"ಹಂಗಾದ್ರೆ ಅಷ್ಟು ಚೆನ್ನಾಗಿ ಓದಬಾರದಿತ್ತು, ಟೀಚರ್."

ನಿಜ. ಮನೆಯಲ್ಲಿ ವೆಲ್ಷ್, ಶಾಲೆಯಲ್ಲಿ ಇಂಗ್ಲಿಷ್ — ಹಾಗೆ ಬೆಳೆದವಳು ನಾನು. ಮದುವೆಯಾಗುವವರೆಗೆ ಅದೇ ಶಾಲೆಯಲ್ಲಿ ಪಾಠ ಹೇಳಿದೆ; ಮದುವೆಯಾದ ಹೆಂಗಸಿಗೆ ಅಲ್ಲಿ ಕೆಲಸವಿಲ್ಲ. ಆಮೇಲೆ ನನ್ನ ಇಂಗ್ಲಿಷ್ ಉಪಯೋಗಕ್ಕೆ ಬಂದದ್ದು ಈ ಅಡುಗೆಮನೆಯ ಮೇಜಿನ ಮೇಲೆ, ಕಮ್ಯುನಿಸ್ಟ್ ಪಾರ್ಟಿಯ ಪತ್ರಿಕೆಗಳನ್ನು ಅವನಿಗೆ ಓದಿ ಹೇಳಲು. ನಂಬಿದ್ದು ಇಬ್ಬರೂ. ಹೋಗುವವನು ಅವನು.

ಫೆಬ್ರುವರಿ 4, ಗುರುವಾರ

ಇಂದು ಬೆನ್ನು ಉಜ್ಜಲು ಬಿಟ್ಟ. ತೊಳೆದರೆ ಬೆನ್ನಿನ ಬಲ ಹೋಗುತ್ತದೆಂದು ನಂಬುವ ಗಂಡಸರ ಊರು ಇದು. ಪಾರ್ಟಿ ಸೇರಿ ದೇವರನ್ನು ಬಿಟ್ಟವನು ಆ ನಂಬಿಕೆಯನ್ನು ಮಾತ್ರ ಬಿಟ್ಟಿರಲಿಲ್ಲ.

"ಬೆನ್ನಿನ ಬಗ್ಗೆ ಮಾರ್ಕ್ಸ್ ಏನಂತಾನೆ?" ಎಂದೆ.

"ಉಜ್ಜೋರು ಯಾರು ಅಂತ ನೋಡ್ಕೊಂಡು ತೀರ್ಮಾನ ಮಾಡು ಅಂತಾನೆ."

ಬೆನ್ನ ತುಂಬ ನೀಲಿ ಗೆರೆಗಳು. ಕಲ್ಲಿದ್ದಲ ಪುಡಿಯನ್ನು ಒಳಗಿಟ್ಟುಕೊಂಡೇ ಮಾಗಿದ ಗಾಯಗಳು. ಸೋಪಿಗೆ ಹೋಗುವಂಥವಲ್ಲ.

ಮಹಡಿಯಲ್ಲಿ ಅತ್ತೆಯ ಮಂಚ ಕಿರುಗುಟ್ಟಿತು. ನೀರು ಚೆಲ್ಲಿಕೊಂಡು ಅರ್ಧ ಎದ್ದ, ಕಣ್ಣು ಸೂರಿನ ಮೇಲೆ. ಗಣಿಯ ಅಭ್ಯಾಸ. ಅಲ್ಲಿ ಸೂರಿಗೆ ಕೊಡುವ ಪೈನ್ ಕಂಬ ಮುರಿಯುವ ಮುಂಚೆ ಕಿರುಗುಟ್ಟುತ್ತದೆ. "ಮರ ಮಾತಾಡುತ್ತೆ. ಮಾತಾಡೋ ತನಕ ಕೆಲಸ ಮಾಡು, ಮಾತಾಡಿದ ಕೂಡ್ಲೆ ಓಡು" — ಅವನ ಅಪ್ಪ ಹೇಳಿಕೊಟ್ಟದ್ದು. ಮದುವೆಯ ಹೊಸದರಲ್ಲಿ ನಮ್ಮ ಮಂಚವೂ ಅವನನ್ನು ಹೀಗೇ ಬೆಚ್ಚಿಬೀಳಿಸುತ್ತಿತ್ತು. ಅದನ್ನು ನೆನಪಿಸಿದೆ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಹೋಗಬೇಡ ಎನ್ನಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಅನ್ನಲಿಲ್ಲ.

ಫೆಬ್ರುವರಿ 6, ಶನಿವಾರ

ನಿನ್ನೆ ಹೋದರು. ಕಾರ್ಡಿಫ್‌ನಲ್ಲಿ ಸಭೆ ಎಂದು ಅತ್ತೆಗೆ ಹೇಳಿ ಹೋದ. ಇಂದು ಬ್ರೆಡ್ ಕೊಯ್ಯುತ್ತ ಕೇಳಿದರು:

"ಸಭೆಗೆ ಯಾರಾದ್ರೂ ಎರಡೆರಡು ಉಣ್ಣೆ ಬನಿಯನ್ ಹಾಕ್ಕೊಂಡು ಹೋಗ್ತಾರೇನೇ, ನೆಸ್ಟಾ?"

ನಾನು ಬೆಣ್ಣೆ ಹಚ್ಚುತ್ತ ಹೋದೆ.

"ಅವರಪ್ಪನ್ನ ಗಣಿ ತಿಂತು. ಆದ್ರೆ ಆ ಗಣಿ ಬೀದಿ ಕೊನೇಲಿತ್ತು. ಹೋಗಿ ನಿಂತ್ಕೊಂಡೆ. ಮೇಲೆ ತಂದ್ರು, ಮನೆಗೆ ಹೊತ್ಕೊಂಡು ಬಂದ್ರು. ಸಾವಿನ ಮನೆ ಅಂತ ಕಿಟಕಿ ಪರದೆ ಎಳೆದೆ, ಬೀದಿಯೋರೆಲ್ಲ ಎಳೆದ್ರು. ಇವನಿಗೋಸ್ಕರ ಎಲ್ಲಿ ಹೋಗಿ ನಿಂತ್ಕೊಳ್ಳಲಿ? ಹೇಳು, ಓದಿದವಳಲ್ವಾ ನೀನು?"

ಏಪ್ರಿಲ್ 11, ಭಾನುವಾರ

ಅವನ ಪತ್ರ. ಜೋರಾಗಿ ಓದಿದೆ, ಅತ್ತೆಗೆ ಎರಡು ಸಲ. "ಇಷ್ಟು ದೂರ ಬಂದು ನೋಡಿದರೆ ಇಲ್ಲೂ ಕೈಗೆ ಸಲಿಕೆಯನ್ನೇ ಕೊಟ್ಟಿದ್ದಾರೆ. ಆಲಿವ್ ತೋಪಿನ ಕೆಳಗೆ ನಾನೂ ಗಾರ್ನನ್ನೂ ಗಣಿಯ ಹಾಗೇ ಸೂರಿಗೆ ಕಂಬ ಕೊಟ್ಟು ತೋಡಿದ ಅಡಗುಗುಂಡಿ ನೋಡಲು ಬೇರೆ ತುಕಡಿಯವರು ಬರುತ್ತಾರೆ. ನಮ್ಮ ಕಣಿವೆಯ ಹುಡುಗರೆಲ್ಲ ಹೀಗೇ ತೋಡಿಕೊಂಡಿದ್ದಾರೆ. ಚಹಾ ಕಳಿಸು. ಇಲ್ಲಿಯದು ಚಹಾ ಅಲ್ಲ."

ಎದುರುಮನೆಯ ಕೆರಿಡ್ವೆನ್ ಸ್ಪೇನಿನ ಮಕ್ಕಳಿಗಾಗಿ ಹಾಲಿನ ಡಬ್ಬ ಕೂಡಿಸಲು ಬಂದಿದ್ದಳು. "ನಿನ್ನ ಗಂಡ ಅಲ್ಲಿಯೋರಿಗೆಲ್ಲ ಗುಂಡಿ ತೋಡ್ತಾನೆ. ನನ್ನ ಹಿತ್ತಿಲಲ್ಲಿ ಆಲೂಗಡ್ಡೆಗೆ ನಾಲ್ಕು ಗುಂಡಿ ತೋಡೋ ಅಂದ್ರೆ ಸೊಂಟ ನೋವು ಅಂದಿದ್ದ!" ಅತ್ತೆ ನಕ್ಕರು. ಅವನು ಹೋದ ಮೇಲೆ ಮೊದಲ ಸಲ.

ಮೇ 24, ಸೋಮವಾರ

ಪತ್ರವಿಲ್ಲ. ಚಹಾ ತಲುಪಿತೋ ಇಲ್ಲವೋ. ಪಾರ್ಟಿ ಕಚೇರಿಯಲ್ಲಿ ಕೇಳಿದರೆ "ಸುದ್ದಿ ಇಲ್ಲ ಅಂದ್ರೆ ಒಳ್ಳೇ ಸುದ್ದಿ ಅಲ್ವಾ ಕಾಮ್ರೇಡ್?" ಎನ್ನುತ್ತಾರೆ, ಮುಖ ನೋಡದೆ.

ಇಂದು ಪಾಳಿ ಬಿಡುವ ಹೊತ್ತಿಗೆ ಗಣಿಯ ಬಾಗಿಲಿಗೆ ಹೋಗಿ ನಿಂತೆ. ಏಕೆ ಹೋದೆ? ಕಾಲು ತಾವಾಗಿಯೇ ಅತ್ತ ನಡೆದವು. ಗಂಡಸರು ಕಪ್ಪು ಮುಖ ಹೊತ್ತು ಹೊರಬಂದರು, ನನ್ನನ್ನು ನೋಡಿ ಮಾತು ನಿಲ್ಲಿಸಿದರು. ಮೇಲೆ ಬಂದವರ ದೀಪ ಎಣಿಸಿಕೊಳ್ಳುವ ಕೋಣೆಯ ಮುದುಕ ಹತ್ತಿರ ಬಂದ. "ಮನೆಗೆ ಹೋಗಮ್ಮಾ. ಇವತ್ತು ಎಲ್ಲರೂ ಮೇಲೆ ಬಂದ್ರು."

ಎಲ್ಲರೂ.

ಜೂನ್ 19, ಶನಿವಾರ. ಸಂಜೆ

ಗಾರ್ನನ್ ಬಂದ. ಒಬ್ಬನೇ.

ಬಲಗೈ ಮೊಣಕೈವರೆಗೆ ಮಾತ್ರ. ಕೋಟಿನ ತೋಳನ್ನು ಮಡಚಿ ಪಿನ್ನು ಹಾಕಿದ್ದಾರೆ. ಒಳಗೆ ಬಾ ಎಂದರೂ ಹೊಸ್ತಿಲು ದಾಟಲಿಲ್ಲ. ಅತ್ತೆ ಕುರ್ಚಿಯಿಂದಲೇ ಕೇಳಿದರು, "ನಿನ್ನ ಜೋಡಿ ಎಲ್ಲೋ?"

"ಕೆಳಗೆ ಬಿಟ್ಟು ಬಂದೆ."

ಆಮೇಲೆ ನೆಲ ನೋಡುತ್ತ ಹೇಳಿದ.

"ಪೈನ್ ಇರಲಿಲ್ಲ ನೆಸ್ಟಾ. ಆಲಿವ್ ಕಡಿದು ಕಂಬ ಕೊಟ್ಟಿದ್ವಿ. ಗಟ್ಟಿ ಮರ, ಕೊಡಲಿ ಕೂರ್ತಿರಲಿಲ್ಲ. ನಾವೇ ಬೀಗಿದ್ವಿ. ಒಂದು ದಿನ ಬೆಳಿಗ್ಗೆ ಶೆಲ್ ಬಿತ್ತು, ಸೂರಿಂದ ಮಣ್ಣು ಉದುರ್ತು. ಬೇರೆಯೋರೆಲ್ಲ ಹೊರಗೆ ಓಡಿದ್ರು. ನಾನೂ ಎದ್ದೆ. ಇವನು ಕೈ ಹಿಡಿದು ಕೂರಿಸ್ದ. 'ಹೊರಗೆ ಹೋದ್ರೆ ಗುಂಡು. ಮರ ಇನ್ನೂ ಮಾತಾಡಿಲ್ಲ ಕಣೋ' ಅಂದ. ಇಬ್ಬರೂ ಕಿವಿ ಕೊಟ್ಟು ಕೂತ್ವಿ."

"ಆಮೇಲೆ?"

"ಅದು ಮಾತಾಡಲ್ಲ. ಆಲಿವ್ ಮಾತಾಡೋದೇ ಇಲ್ಲ. ಸುಮ್ನಿರುತ್ತೆ, ಒಮ್ಮೆಗೇ ಹೋಗುತ್ತೆ."

ಗಾರ್ನನ್‌ನ ಕೈ ಮೇಲೆ ಕಂಬ. ಕೈ ಹಿಡಿದಿದ್ದವನು ಮಣ್ಣಿನಾಚೆ. ಇನ್ನೊಂದು ಕೈಯಲ್ಲಿ ಅಗೆದನಂತೆ. ಯಾರೋ ಎಳೆದು, ಹೊತ್ತು ಆಸ್ಪತ್ರೆಗೆ ಹಾಕಿದರಂತೆ. ಸಂಜೆಗೆ ತುಕಡಿಯವರು ಆ ಕಂದಕದ ಸಾಲನ್ನೇ ಬಿಟ್ಟು ಹಿಂದೆ ಸರಿದರು. ಯಾರೂ ಅಗೆಯಲಿಲ್ಲ.

"ಹಂಗಾದ್ರೆ ನೀನು ನೋಡಿಲ್ಲ," ಎಂದೆ.

"ನೋಡಿಲ್ಲ."

ಅಷ್ಟನ್ನೇ ಹಿಡಿದುಕೊಂಡೆ. ನೋಡಿಲ್ಲ.

ಜೂನ್ 20, ಭಾನುವಾರ

ಪರದೆ ಎಳೆಯಲು ಅತ್ತೆ ಬಿಡಲಿಲ್ಲ. "ಮನೆಗೆ ತಂದಿದ್ದಾರಾ? ತರದೆ ಎಳೆಯಲ್ಲ." ನಸುಕಿಗೇ ಎದ್ದು ಕಿಟಕಿಯ ಬಳಿ ಕೂತಿದ್ದಾರೆ. ನಾನು ವಾದಿಸಲಿಲ್ಲ. ನನಗೂ ಅದೇ ಬೇಕಿತ್ತು.

ಪಾರ್ಟಿಯವರು ಬಂದು ಹೋದರು. ಮುಂದಿನ ವಾರ ಇಡ್ವಾಲ್‌ನ ನೆನಪಿಗೆ ಸಭೆಯಂತೆ. ಕೋವಿ ಹಿಡಿದೇ ಬಿದ್ದನೆಂದು ಹೇಳುತ್ತಾರಂತೆ. ಹಾಗಲ್ಲ ಎಂದೆ. "ಗೊತ್ತು ಕಾಮ್ರೇಡ್. ಆದ್ರೆ ಸೂರು ಕುಸಿದು ಸಾಯೋಕೆ ಸ್ಪೇನಿಗೆ ಯಾಕೆ ಹೋಗ್ಬೇಕಿತ್ತು ಅಂತ ಜನ ಕೇಳ್ತಾರಲ್ಲ?"

ಜನರೇಕೆ, ನಾನೇ ಕೇಳುತ್ತಿದ್ದೇನೆ. ಉತ್ತರವೂ ಗೊತ್ತು — ಅಲ್ಲಿ ಇರಬೇಕಿತ್ತು, ಇದ್ದ. ಆದರೆ ಉತ್ತರ ಗೊತ್ತಿದ್ದರೆ ಉಸಿರಾಡಲು ಬರುತ್ತದೆಯೇ...

ಜೂನ್ 23, ಬುಧವಾರ

ಬಟ್ಟೆ ಒಗೆಯುತ್ತಿದ್ದವಳಿಗೆ ಹೊಳೆಯಿತು. ಒದ್ದೆ ಕೈಯಲ್ಲೇ ಗಾರ್ನನ್ ಮನೆಗೆ ಓಡಿದೆ.

"ಉಳಿದ ಹುಡುಗರಿಗೆ ಹೇಳಿದ್ಯಾ?"

"ಏನು?"

"ಆಲಿವ್ ಮರದ ವಿಷಯ!"

ಅವನು ಯಾರಿಗೂ ಹೇಳಿಲ್ಲ. ಹೊಸ ಸಾಲಿನಲ್ಲೂ ಅದೇ ತೋಪು, ಅದೇ ಮರ. ನಮ್ಮ ಕಣಿವೆಯ ಹುಡುಗರು ಈಗಲೂ ಅದರ ಕೆಳಗೆ ಕೂತು ಕಿವಿ ಕೊಟ್ಟಿರುತ್ತಾರೆ. ಎಲ್ಲರಿಗೂ ಅಪ್ಪಂದಿರು ಹೇಳಿಕೊಟ್ಟದ್ದು ಅದೇ.

"ನೀನು ಬರಿ ನೆಸ್ಟಾ. ನನಗೆ ಕೈಯಿಲ್ಲ."

ಮನೆಗೆ ಬಂದು ಬರೆಯಲು ಕೂತೆ. ವೆಲ್ಷ್‌ನಲ್ಲಿ, ಅವರಪ್ಪಂದಿರು ಹೇಳಿಕೊಟ್ಟ ಮಾತಿನಲ್ಲೇ. ಮರ ನಂಬಬೇಡಿ, ಮಣ್ಣುದುರಿದರೆ ಓಡಿ ಎಂದಷ್ಟೇ ಬರೆದೆ. ಓದಿ ನೋಡಿದೆ. ಅಡುಗೆಮನೆಯಲ್ಲಿ ಕೂತವಳ ಬುದ್ಧಿಮಾತು, ಗಣಿಯವರು ನಗುತ್ತಾರೆ. ಅವರು ನಂಬಬೇಕಾದರೆ ಒಂದು ವಾಕ್ಯ ಮೊದಲು ಬರಬೇಕು. ಅದನ್ನು ಬರೆದರೆ ಗಾರ್ನನ್ ನೋಡಿಲ್ಲ ಎಂಬ ಆಸೆ ನನಗೆ ಉಳಿಯುವುದಿಲ್ಲ.

ಇನ್ನೊಂದು ಹಾಳೆ ಮುಂದಿಟ್ಟುಕೊಂಡೆ. ಅತ್ತೆ ಕಿಟಕಿಯ ಕಡೆಯಿಂದ ತಿರುಗಿ ನೋಡಿದರು.

"ಯಾರಿಗೇ?"

"ನಮ್ಮ ಹುಡುಗರಿಗೆ. ಓಡಿ ಅಂತ ಹೇಳೋಕೆ."

ಅತ್ತೆ ಎದ್ದು ಒಂದು ಕಿಟಕಿಯ ಪರದೆ ಎಳೆದರು. ಇನ್ನೊಂದನ್ನು ಬಿಟ್ಟರು. "ಬರಿಯೋಕೆ ಬೆಳಕು ಬೇಕಲ್ಲ," ಎಂದರು.

ಬರೆದೆ. ನನ್ನ ಗಂಡ ಇಡ್ವಾಲ್, ಮರ ಮಾತಾಡಲೆಂದು ಕಾಯುತ್ತ ಸತ್ತ.

ಅಂಚೆಗೆ ಹಾಕುವುದು: ನಾಳೆ, ಗುರುವಾರ, ಜೂನ್ 24