ನಮ್ಮ ಮುಂದಾಳಿಗೆ ಮಂಡಿನೋವಿದೆ

ಕಾಲುವೆ ದಂಡೆಯ ದಾರಿಗೆ ಅನುಮತಿ ಕೊಡುವ, ಸದ್ಯಕ್ಕೆ ಕೊಡದಿರುವ, ಅಧಿಕಾರಿಗಳಿಗೆ,

ಮಾನ್ಯರೇ,

ನೀವು ನನ್ನ ಅಕ್ಕನನ್ನು ಸೈಕಲ್ಲಿನಿಂದ ಇಳಿಸಿದ್ದೀರಿ. ಅದೂ ನೋಡದೆ, ಮಾತಾಡಿಸದೆ, ಮೂರು ಸಾಲಿನ ಆದೇಶದಲ್ಲಿ. 'ತಂಡದ ಮುಂದಾಳು ನಿಗದಿತ ದೈಹಿಕ ಸಾಮರ್ಥ್ಯ ಹೊಂದಿಲ್ಲವಾದ್ದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಮುಂದಾಳನ್ನು ಬದಲಾಯಿಸಿ ಮರು ಅರ್ಜಿ ಸಲ್ಲಿಸಬಹುದು.' ಇದಕ್ಕೆ ಉತ್ತರ ಬರೆದು ನಿಮ್ಮ ಕಚೇರಿಗೆ ಕೊಟ್ಟು ಎರಡು ವಾರವಾಯಿತು. ಅಲ್ಲಿಂದ ಚಕಾರವಿಲ್ಲ. ಹಾಗಾಗಿ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಪತ್ರಿಕೆಯನ್ನು ನೀವು ಓದುತ್ತೀರಿ ಎಂಬುದು ನನಗೆ ಗೊತ್ತು. ನಿಮ್ಮ ಕಚೇರಿಗೆ ಬಂದಿದ್ದ ದಿನ ಬಾಗಿಲ ಸಂದಿಯಿಂದ ನನಗೆ ಕಂಡ ಸರ್ಕಾರಿ ಕೆಲಸ ಅದೊಂದೇ.

ಮೊದಲು ನಾವು ಯಾರು ಎಂದು ಹೇಳಿಬಿಡುತ್ತೇನೆ. ಏಕೆಂದರೆ ನಿಮ್ಮ ಕಡತದಲ್ಲಿ ನಾವು 'ಸೈಕಲ್ ಸ್ಪರ್ಧೆ' ಆಗಿ ಕೂತಿದ್ದೇವೆ. ಒಟ್ಟು ಒಂಬತ್ತು ಜನ. ಎಲ್ಲರಿಗಿಂತ ಚಿಕ್ಕವರಿಗೆ ಅರವತ್ತಮೂರು, ಅವರನ್ನು ನಾವು ಮಗು ಎನ್ನುತ್ತೇವೆ. ನಾನು ಮೂವತ್ತು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿದವಳು. ನಿಮ್ಮ ಈ ಕಾಲುವೆಯನ್ನು ಕಪ್ಪುಹಲಗೆಯ ಮೇಲೆ ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದೆ, ಅದರ ದಂಡೆಯ ಮೇಲೆ ಮಾತ್ರ ಒಂದು ಹೆಜ್ಜೆ ಇಟ್ಟವಳಲ್ಲ. ಆ ನಾಚಿಕೆ ಕಳೆದುಕೊಳ್ಳಲೆಂದೇ ಈ ಪ್ರವಾಸದ ಯೋಜನೆ ಹಾಕಿದ್ದು. ನಾಲ್ಕು ದಿನ, ದಿನಕ್ಕೆ ಹದಿನೈದು ಕಿಲೋಮೀಟರ್. ಬೆಳಿಗ್ಗೆ ಸೈಕಲ್, ಮಧ್ಯಾಹ್ನ ಊಟವಾದ ಮೇಲೆ ಒಂದು ನಿದ್ದೆ, ಸಂಜೆ ನಡಿಗೆ. ಏರು ಬಂದರೆ ಎಲ್ಲರೂ ಇಳಿದು ತಳ್ಳುವುದು. ಇಳಿಜಾರಿನಲ್ಲೂ ಇಳಿಯಲೇಬೇಕು ಎಂಬುದು ನಮ್ಮ ತಂಡದ ಟೇಲರೊಬ್ಬರ ಹಟ. "ಬಿದ್ರೆ ನನ್ನ ಕೇಳ್ಬೇಡಿ, ಹೊಲಿಗೆ ಹಾಕೋದು ನಾನು ಬಟ್ಟೆಗಷ್ಟೇ ಕಲ್ತಿದ್ದು" ಎನ್ನುತ್ತಾರೆ. ದಂಡೆ ಬಲ್ಲವರನ್ನು ಕೇಳಿ ಕೇಳಿ ಇಡೀ ದಾರಿಯ ನಕಾಶೆ ಬರೆದಿದ್ದೇನೆ: ಬೆಂಚುಗಳಿಗೆ ಹಸಿರು ಚುಕ್ಕೆ, ನೆರಳಿದ್ದರೆ ಅದರ ಸುತ್ತ ಒಂದು ವೃತ್ತ, ಶೌಚಾಲಯಗಳಿಗೆ ಕೆಂಪು. ಮೂವತ್ತು ವರ್ಷದಲ್ಲಿ ನಾನು ಬರೆದ ನಕಾಶೆಗಳಲ್ಲಿ ಇಷ್ಟು ಉಪಯೋಗದ್ದು ಇನ್ನೊಂದಿಲ್ಲ.

ಇಷ್ಟಕ್ಕೆ ನಿಮ್ಮಲ್ಲಿ ಇರುವುದು ಒಂದೇ ನಮೂನೆಯ ಅರ್ಜಿ, ಅದೂ ಸ್ಪರ್ಧೆಯದು. ಐದು ಜನಕ್ಕಿಂತ ಹೆಚ್ಚು ಮಂದಿ ಒಟ್ಟಿಗೆ ಸೈಕಲ್ ತುಳಿದರೆ ಅದು ಸ್ಪರ್ಧೆಯಂತೆ! 'ಕನಿಷ್ಠ ವೇಗ' ಎಂಬಲ್ಲಿ ನಾವು 'ಮಾತು ನಿಲ್ಲದಷ್ಟು' ಎಂದು ತುಂಬಿದೆವು. ಅದು ಪ್ರಾಮಾಣಿಕ ಉತ್ತರ. ಹರಟೆ ನಿಂತಿತೆಂದರೆ ಯಾರಿಗೋ ಏದುಸಿರು ಬಂದಿದೆ ಎಂದೇ ಲೆಕ್ಕ. 'ಹಿಂದೆ ಬಿದ್ದ ಸ್ಪರ್ಧಿಗಳನ್ನು ವಾಹನದಲ್ಲಿ ತುಂಬಿಕೊಂಡು ಬರತಕ್ಕದ್ದು' ಎಂಬ ಷರತ್ತಿಗೆ 'ನಮ್ಮಲ್ಲಿ ಹಿಂದೆ ಬೀಳುವ ವ್ಯವಸ್ಥೆ ಇಲ್ಲ' ಎಂದು ಬರೆದೆವು. ಆಮೇಲೆ 'ಮುಂದಾಳು' ಎಂಬ ಖಾಲಿ ಜಾಗ ಬಂತು. ಅಲ್ಲಿ ಅಕ್ಕನ ಹೆಸರು ಹಾಕಿದೆವು.

ಎಪ್ಪತ್ತನಾಲ್ಕು ವರ್ಷದ, ಒಂದು ಮಂಡಿಗೆ ಶಸ್ತ್ರಚಿಕಿತ್ಸೆಯಾದ, ಇನ್ನೊಂದಕ್ಕೆ ಆಗಬೇಕಾದ ಹೆಂಗಸು ಹೇಗೆ ಮುಂದಾಳು ಎಂದು ನೀವು ಕೇಳಲೇ ಇಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಎರಡು ವರ್ಷದ ಹಿಂದೆ ನಾವು ಮೊದಲ ಸಲ ಊರಾಚೆಯ ಕೆರೆ ಸುತ್ತಲು ಹೊರಟಾಗ ನಿಮಗೆ ಬೇಕಾದಂಥ ಮುಂದಾಳೇ ಇದ್ದರು, ನಿವೃತ್ತ ಬಸ್ ಡ್ರೈವರು. ಗಟ್ಟಿ ಆಳು. ಬದುಕೆಲ್ಲ ವೇಳಾಪಟ್ಟಿಯ ಹಿಂದೆ ಓಡಿದವರು, ಅಂದೂ ಹಾಗೆಯೇ ಓಡಿದರು, ನಾವು ಅವರ ಬೆನ್ನು ಹಿಡಿದೆವು. ಊಟಕ್ಕೆ ಕೂತು ನೀರಿನ ಬಾಟಲಿ ಹಂಚುವಾಗ ಒಂದು ಬಾಟಲಿ ಮಿಕ್ಕಿತು. ಅಕ್ಕ ಇರಲಿಲ್ಲ. ವಾಪಸು ಹೋಗಿ ನೋಡಿದರೆ ಒಂದು ಮೋರಿಯ ಕಟ್ಟೆಯ ಮೇಲೆ, ಚೈನು ಕಳಚಿದ ಸೈಕಲ್ ಪಕ್ಕದಲ್ಲಿ, ಕೈಯೆಲ್ಲ ಗ್ರೀಸು ಮಾಡಿಕೊಂಡು ಕೂತಿದ್ದಳು. ಎರಡು ಗಂಟೆ ಹೊತ್ತು. "ಯಾಕೆ ವಾಪಸ್ ಬಂದ್ರಿ? ನಾನು ನಿಧಾನಕ್ಕೆ ಬರ್ತಿದ್ನಲ್ಲ" ಎಂದಳು. ಡ್ರೈವರು ತಲೆ ತಗ್ಗಿಸಿ ಚೈನು ಹಾಕಲು ಕೂತರು. ನಾನು ಒಡಹುಟ್ಟಿದವಳು, ಅಷ್ಟು ದೂರದಲ್ಲಿ ಒಮ್ಮೆಯೂ ತಿರುಗಿ ನೋಡಿರಲಿಲ್ಲ.

ಆವತ್ತು ಆ ಮೋರಿಯ ಹತ್ತಿರವೇ ನಿಯಮ ಮಾಡಿದೆವು. ಎಲ್ಲರಿಗಿಂತ ನಿಧಾನದವರು ಎಲ್ಲರಿಗಿಂತ ಮುಂದೆ, ಅವರನ್ನು ಯಾರೂ ದಾಟುವಂತಿಲ್ಲ. ಮುಂದೆ ಇರುವ ಆಳು ಮುಂದಾಳು. ನಿಘಂಟು ಏನು ಹೇಳುತ್ತದೋ ನನಗೆ ಬೇಕಿಲ್ಲ. ಈ ಎರಡು ವರ್ಷದಲ್ಲಿ ಒಬ್ಬರೂ ಬಿದ್ದಿಲ್ಲ, ಒಬ್ಬರೂ ತಪ್ಪಿಸಿಕೊಂಡಿಲ್ಲ. ಗಂಟೆಗೆ ಇಪ್ಪತ್ತು ಕಿಲೋಮೀಟರ್ ಓಡಿಸುವ ನಿಮ್ಮ ಅಧಿಕೃತ ಮುಂದಾಳುಗಳ ಬಗ್ಗೆ ಇದೇ ಮಾತನ್ನು ಹೇಳಲು ಬರುತ್ತದೆಯೇ? ಕಳೆದ ವರ್ಷ ದಂಡೆಯ ಮೇಲೆ ನಡೆದ ಸ್ಪರ್ಧೆಯಲ್ಲಿ ಇಬ್ಬರು ಸೈಕಲ್ ಸಮೇತ ಕಾಲುವೆಗೆ ಇಳಿದದ್ದು ನಿಮಗೂ ನೆನಪಿರಬಹುದು.

ಇನ್ನು ದೈಹಿಕ ಸಾಮರ್ಥ್ಯದ ಮಾತು. ಮುಂದಾಳು ಖುದ್ದಾಗಿ ಬಂದು ಸಹಿ ಹಾಕಬೇಕೆಂದು ನೀವೇ ಕರೆಸಿದಿರಿ. ನಿಮ್ಮ ಕಚೇರಿ ಮೂರನೇ ಮಹಡಿಯಲ್ಲಿದೆ, ಲಿಫ್ಟಿನ ಬಾಗಿಲಿಗೆ 'ದುರಸ್ತಿಯಲ್ಲಿದೆ' ಎಂಬ ಹಲಗೆ, ಹಲಗೆಯ ಮೇಲೆ ಬೆರಳು ದಪ್ಪದ ಧೂಳು. ಅಕ್ಕ ಅರವತ್ತು ಮೆಟ್ಟಿಲನ್ನೂ ಹತ್ತಿದಳು. ಪ್ರತಿ ತಿರುವಿನಲ್ಲಿ ನಿಂತು, ನನ್ನ ಹೆಗಲು ಹಿಡಿದು, ನಿಮ್ಮ ಗೋಡೆಯ ಸುಣ್ಣದ ಬಗ್ಗೆ ಒಂದೊಂದು ಟೀಕೆ ಮಾಡುತ್ತ ಹತ್ತಿದಳು. ಇದಕ್ಕಿಂತ ದೊಡ್ಡ ಸಾಮರ್ಥ್ಯ ಪರೀಕ್ಷೆ ಬೇಕೆ, ಮಾನ್ಯರೇ? ಇಷ್ಟು ಮಾಡಿ ಅರ್ಜಿಯಲ್ಲಿ ತನ್ನ ಕಾಯಿಲೆಗಳನ್ನೆಲ್ಲ ಒಂದೂ ಬಿಡದೆ ಬರೆದಳು. ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳಿಗೆ ಬೇರೆ ಥರ ಬರೆಯಲು ಬರುವುದಿಲ್ಲ.

ಆದೇಶ ಬಂದ ದಿನ ಇಬ್ಬರೂ ಮತ್ತೆ ಆ ಮೆಟ್ಟಿಲು ಹತ್ತಿದೆವು. ನಿಮ್ಮ ಗುಮಾಸ್ತೆ ಒಳ್ಳೆಯ ಹೆಣ್ಣುಮಗಳು. ಅಕ್ಕನಿಗೆ ತನ್ನ ಕುರ್ಚಿ ಬಿಟ್ಟುಕೊಟ್ಟು, ದನಿ ತಗ್ಗಿಸಿ ಉಪಾಯ ಹೇಳಿದಳು: "ಕಾಗದದಲ್ಲಿ ಬೇರೆಯೋರ ಹೆಸರು ಹಾಕಿ ಮೇಡಂ. ದಾರೀಲಿ ಯಾರು ಮುಂದಿದ್ರೆ ಯಾರು ನೋಡ್ತಾರೆ?"

ನಿಜ ಹೇಳುತ್ತೇನೆ, ನಾನು ಪೆನ್ನು ತೆಗೆದೇಬಿಟ್ಟಿದ್ದೆ. ಅಕ್ಕ ನನ್ನ ಕೈ ಹಿಡಿದಳು. "ಜ್ವರ ನೂರೆರಡಿದ್ದಾಗ ತೊಂಬತ್ತೆಂಟು ಅಂತ ನಾನು ಯಾವತ್ತೂ ಬರೆದೋಳಲ್ಲ ಕಣೇ. ನಿನ್ನ ಹೆಸರು ಬರಿ, ಆದ್ರೆ ನಿಜ ಮಾಡ್ಕೊಂಡು ಬರಿ. ನೀನೇ ಮುಂದೆ ಹೋಗು. ನನ್ನ ಬಿಟ್ಟು ಹೋಗಿ."

"ಬಿಟ್ಟು ಹೋಗೋದಾದ್ರೆ ಯಾರೂ ಹೋಗಲ್ಲ" ಎಂದೆ.

"ಎಂಟು ಜನದ ಸಂತೋಷಕ್ಕೆ ನನ್ನ ಮಂಡಿ ಅಡ್ಡ ಹಾಕ್ಬೇಡ" ಎಂದು ಎದ್ದು, ಗೋಡೆಯನ್ನು ಟೀಕಿಸದೆ ಮೆಟ್ಟಿಲಿಳಿದಳು.

ಮರುದಿನ ಬೆಳಿಗ್ಗೆ ನನ್ನ ಮನೆಗೆ ಬಂದಳು. ತನ್ನ ಸೈಕಲ್ಲಿನ ಬೆಲ್ ಬಿಚ್ಚಿ ತಂದಿದ್ದಳು. ನಾನು ಬೇಡ ಬೇಡ ಎನ್ನುತ್ತಿದ್ದರೂ ಅದನ್ನು ನನ್ನ ಹ್ಯಾಂಡಲ್ಲಿಗೆ ಕೂರಿಸಿ, ತಿರುಪು ಬಿಗಿ ಮಾಡಿ, "ಮುಂದೆ ಹೋಗೋರಿಗೆ ಬೇಕಾಗುತ್ತೆ" ಎಂದು ಹೇಳಿ ಹೋದಳು.

ಮಾನ್ಯರೇ, ನಮ್ಮ ಬೇಡಿಕೆ ದೊಡ್ಡದಲ್ಲ. ನಿಮ್ಮ ಅರ್ಜಿಯಲ್ಲಿ ಸ್ಪರ್ಧೆಯ ಕೆಳಗೆ 'ನಿಧಾನ ಸವಾರಿ ಮತ್ತು ನಡಿಗೆ' ಎಂದು ಒಂದು ಸಾಲು ಸೇರಿಸಿ. ಮುಂದಾಳಿನ ಜಾಗದಲ್ಲಿ ಅಕ್ಕನ ಹೆಸರನ್ನು ಇದ್ದ ಹಾಗೆಯೇ ಒಪ್ಪಿ ಸಹಿ ಹಾಕಿ, ಬರುವ ತಿಂಗಳ ಎರಡನೇ ವಾರ ದಂಡೆಯ ಗೇಟಿನ ಬೀಗ ತೆಗೆಸಿ. ದಂಡೆ ಬಿಟ್ಟರೆ ನಮಗಿರುವುದು ಲಾರಿಗಳ ಹೆದ್ದಾರಿ, ಅಲ್ಲಿಗೆ ಅವಳನ್ನಾಗಲೀ ಬೇರೆ ಯಾರನ್ನಾಗಲೀ ನಾನು ಕರೆದೊಯ್ಯುವುದಿಲ್ಲ. ಅನುಮಾನವಿದ್ದರೆ ನೀವೇ ಜೊತೆಗೆ ಬನ್ನಿ. ನೀವು ಗಟ್ಟಿಮುಟ್ಟಾಗಿದ್ದೀರೆಂದು ಕೇಳಿದ್ದೇನೆ, ನಮ್ಮಲ್ಲಿ ಅಂಥವರಿಗೆ ಸಾಲಿನ ಕೊನೆಯಲ್ಲಿ ಜಾಗ.

ನನ್ನ ಸೈಕಲ್ಲಿಗೆ ಈಗ ಎರಡು ಬೆಲ್‌ಗಳಿವೆ. ಅಕ್ಕನದನ್ನು ಈವರೆಗೆ ಬಾರಿಸಿಲ್ಲ. ನಿಮ್ಮ ಅನುಮತಿ ಕೈಗೆ ಬಂದ ದಿನ ಸ್ಕ್ರೂಡ್ರೈವರ್ ಹಿಡಿದು ಅವಳ ಮನೆಗೆ ಹೋಗುತ್ತೇನೆ.

ಇಂತಿ,
ಒಮ್ಮೆ ತಿರುಗಿ ನೋಡದೆ ಹೋದವಳು,
ಸಾಲಿನಲ್ಲಿ ಎರಡನೆಯವಳು,
ಮುಂದಾಳಿನ ತಂಗಿ