ಸಾಕೆಂದರೂ ನಿಲ್ಲದ ಮೂಳೆ

ಶುಕ್ರವಾರ, ಮಧ್ಯಾಹ್ನ

ನನ್ನ ಪುಟ್ಟ ಬೃಹಸ್ಪತಿಗೆ,

ಮಾವನ ಬಾಯಿಗೆ ಇನ್ನೂ ಏನೂ ಆಗಿಲ್ಲ ಎಂಬ ಶುಭಸಮಾಚಾರದೊಂದಿಗೆ ಶುರುಮಾಡುತ್ತೇನೆ.

ನಿನ್ನ ಕಾಗದ ಬಂತು. ಮಂಡಿಯ ಮೇಲಿನಿಂದ ನನ್ನ ಕಾಲು ತೆಗೆಯಬೇಕು ಎಂದು ಬರೆದಲ್ಲಿ ಶಾಯಿ ಹರಡಿದೆ. ಅಳಬೇಡವೇ ಹುಚ್ಚಿ. ಹೊಲಿಗೆ ಯಂತ್ರ ತುಳಿಯಲು ಒಂದು ಕಾಲು ಸಾಕು. ಈ ಬೀದಿಯ ದರ್ಜಿಗಳು ಎರಡು ಕಾಲಲ್ಲಿ ಹೊಲಿಯುವುದನ್ನು ನಾನು ಒಂದರಲ್ಲಿ, ಅದೂ ನಿದ್ದೆಗಣ್ಣಲ್ಲಿ ಹೊಲಿದೇನು.

ನೀನು ಮಾಡಿದ್ದು ಸಣ್ಣ ಕೆಲಸವಲ್ಲ. ನನ್ನ ನಾಲ್ಕನೇ ಕ್ಲಾಸಿನ ತಲೆಗೂ ಅಷ್ಟು ಅರ್ಥವಾಗಿದೆ. ಜೀವಾಣುಗಳಿಂದ ಸುಣ್ಣದ ಕಣ ಮಾಡಿಸಿದೆ. ನ್ಯಾನೋ ಎನ್ನುತ್ತೀರಿ, ಸೂಜಿಯ ಮೊನೆಯ ಮೇಲೆ ಲಕ್ಷ ಕೂರುವಂಥದ್ದು. ಅದನ್ನು ರೇಷ್ಮೆಯ ಸಾರದಲ್ಲಿ ಕಲಸಿ ನನ್ನ ಮುರಿದ ಮಂಡಿಗೆ ತುಂಬಿಸಿದೆ. ಮೂಳೆ ಅದನ್ನು ತನ್ನದೇ ಎಂದು ನಂಬಿ ಬೆಳೆಯಿತು. ನಾನು ಕೋಲು ಬಿಸಾಕಿ ನಡೆದೆ. ಅಕ್ಕನ ಮಗಳು ಮಾಡಿದ ಮೂಳೆ ಎಂದು ಕಂಡಕಂಡವರಿಗೆ ಪ್ಯಾಂಟು ಮಡಚಿ ತೋರಿಸಿದೆ. ನಾಲಿಗೆಗೂ ಒಂದು ಮೂಳೆ ಹಾಕಿಸ್ಕೊಳ್ಳಯ್ಯಾ, ಸ್ವಲ್ಪ ಸುಮ್ನಿರುತ್ತೆ ಅಂತ ಕ್ಷೌರಿಕ ಅಂದ. ಆಮೇಲೆ ಮಂಡಿಯ ಮೂಳೆ ಬೆಳೆಯೋದು ನಿಲ್ಲಲೇ ಇಲ್ಲ. ಬೆಳೆಯೋದನ್ನು ಕಲಿಸಿದಿರಿ, ಸಾಕು ಅನ್ನೋದನ್ನು ಕಲಿಸಲಿಲ್ಲ.

ಸೋಮವಾರ ಒಬ್ಬ ಅಂಚೆಯಣ್ಣನ ಕಾಲಿಗೂ ಇದನ್ನೇ ತುಂಬುತ್ತಾರೆ, ತಡೆಯಲೇ ಎಂದು ಕೇಳಿದ್ದೀಯ. ಯಾಕೆ ತಡೆಯುತ್ತೀಯ? ನಿಮ್ಮ ದೊಡ್ಡ ಡಾಕ್ಟರು ಹೇಳಿದ್ದೇ ಸರಿ. ತಪ್ಪು ಮಿಶ್ರಣದ್ದಲ್ಲ, ಈ ಮುದುಕನ ಮೈಯದು. ಇದು ಯಾವತ್ತು ಯಾರ ಮಾತು ಕೇಳಿದೆ? ಮಂಡಿಯೊಂದು ಬಿಟ್ಟರೆ ಕಲ್ಲುಗುಂಡಿನ ಹಾಗಿದ್ದೇನೆ. ಉಂಡೆಯಾ ಎಂದರೆ ಮರೆತೆ ಎನ್ನುವಷ್ಟು ದುಡಿದಿದ್ದೀಯ. ನನ್ನ ಒಂದು ಕಾಲಿಗೋಸ್ಕರ ಅಷ್ಟನ್ನೂ ನೀರಿಗೆ ಹಾಕಬೇಡ. ಕಾಲು ಕೊಡಲು ಬರುತ್ತೇನೆ, ಚಾಕು ಮಸೆದಿಡಲು ಹೇಳು.

ಕುಂಟಿದರೂ ಈ ಬೀದಿಗೆ ಒಬ್ಬನೇ ಗಟ್ಟಿಗನಾದ,
ನಿನ್ನ ಸೋದರಮಾವ

ಕೊನೆಗೊಂದು ಮಾತು: ಇದು ನಿನ್ನ ಅತ್ತೆ ಬರೆಯುತ್ತಿರುವುದು. ಮೇಲಿನದೂ ನನ್ನ ಅಕ್ಷರವೇ. ಅವರು ಹೇಳಿದರು, ನಾನು ಬರೆದೆ. ಈಗ ಬಾಗಿಲಲ್ಲಿ ನಿಂತು ಯಾರಿಗೋ ಬಡಾಯಿ ಕೊಚ್ಚುತ್ತಿದ್ದಾರೆ. ಅವರ ಬಲಗೈ ಬೆರಳುಗಳನ್ನು ಮಡಚಲು ಆಗುತ್ತಿಲ್ಲ. ಕತ್ತರಿ ಹಿಡಿಯಲಾಗುತ್ತಿಲ್ಲ. ಬೆನ್ನು ಉಜ್ಜುವಾಗ ಪಕ್ಕೆಯ ಕೆಳಗೂ ಮೂಳೆಯಂತೆ ಗಟ್ಟಿಯಾದದ್ದೊಂದು ಕೈಗೆ ಸಿಕ್ಕಿತು. ನಿನಗೆ ತಿಳಿಸಬಾರದೆಂದು ಆಣೆ ಹಾಕಿಸಿಕೊಂಡಿದ್ದರು, ಮುರಿದಿದ್ದೇನೆ. ಕಾಲು ತೆಗೆದರೆ ಮುಗಿಯುವಂಥದ್ದಲ್ಲ ಮಗಳೇ ಇದು. ಆ ಅಂಚೆಯಣ್ಣನನ್ನು ಮನೆಗೆ ಕಳಿಸು.