ಮೊದಲು ಕೇಳಿ, ಆಮೇಲೆ ಬೇಡ ಅನ್ನಿ

ಅಂಗಡಿಯಿಂದ,
ಗುರುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಪುಟ್ಟೀ,

ಹೇಗಿದ್ದೀಯಮ್ಮಾ? ಗಂಟಲು ಹೇಗಿದೆ? ತಣ್ಣೀರು ಕುಡಿದು ಹಾಡಲು ಕೂರಬೇಡ ಎಂದು ಬರೆಯಲು ನಿನ್ನ ಅಮ್ಮ ಹೇಳಿದ್ದಾಳೆ. ಅವಳ ಮಂಡಿ ಅಷ್ಟಕ್ಕಷ್ಟೆ, ನಾಲಿಗೆ ಮಾತ್ರ ಗಟ್ಟಿಮುಟ್ಟಾಗಿದೆ. ನಾನು ಚೆನ್ನಾಗಿದ್ದೇನೆ. ಸ್ವಲ್ಪ ಸುಸ್ತು, ಅಷ್ಟೇ. ಕೆಲಸವಿಲ್ಲದೆ ಕೂತರೂ ಸುಸ್ತಾಗುತ್ತದೆ ಎಂದು ಈ ವಯಸ್ಸಿನಲ್ಲಿ ಗೊತ್ತಾಯಿತು.

ನಮ್ಮ ಕ್ಯಾಸೆಟ್ ಅಂಗಡಿ ಮುಂದಿನ ಶನಿವಾರಕ್ಕೆ ಮುಗಿಯುತ್ತದೆ. ಪಕ್ಕದ ಫೋನ್ ರಿಪೇರಿಯವನು ನಡುವಿನ ಗೋಡೆ ಒಡೆದು ತನ್ನದನ್ನು ದೊಡ್ಡದು ಮಾಡಿಕೊಳ್ಳುತ್ತಾನಂತೆ. ಅವನ ಮೇಲೆ ಸಿಟ್ಟಿಲ್ಲ. ಈ ತಿಂಗಳು ನನ್ನಲ್ಲಿಗೆ ಬಂದವರೆಲ್ಲ ಚಾರ್ಜರ್ ಕೇಳಿದವರೇ. ನಾನೇ ಕೈತೋರಿಸಿ ಅವನ ಬಳಿ ಕಳಿಸಿದೆ. ಉಳಿದ ಹೊತ್ತು ನೊಣ ಹೊಡೆದೆ. ಮೊನ್ನೆ ಬೋಳುತಲೆ ಮೇಷ್ಟ್ರು ಬಂದಿದ್ದರು. ಮೊದಲೆಲ್ಲ ಹಾಡಿನ ಸಾಲು ಮರೆತು ಬಂದು ನನ್ನೆದುರು ಗುನುಗುತ್ತಿದ್ದರಲ್ಲ, ನಾನು ಹಿಂದೆ ತಿರುಗಿಯೂ ನೋಡದೆ ಕಪಾಟಿಗೆ ಕೈ ಹಾಕಿ ಅದೇ ಕ್ಯಾಸೆಟ್ ತೆಗೆಯುತ್ತಿದ್ದೆನಲ್ಲ! ಈಗ ಫೋನಿನ ಮುಂದೆ ಗುನುಗಿದರೆ ಸಾಕು, ಅದೇ ಹುಡುಕಿ ಅಲ್ಲೇ ಇಳಿಸಿಕೊಡುತ್ತದಂತೆ. ತೋರಿಸುತ್ತಾ ತೋರಿಸುತ್ತಾ ಪಾಪ ಅವರಿಗೇ ನಾಚಿಕೆಯಾಯಿತು. ಬೇಡದಿದ್ದರೂ ಒಂದು ಸಿ.ಡಿ. ಕೊಂಡು ಹೋದರು. ಅದನ್ನು ಹಾಕುವ ಯಂತ್ರ ಅವರ ಮನೆಯಲ್ಲಿಲ್ಲ ಎಂದು ನನಗೆ ಗೊತ್ತು.

ಕಪಾಟುಗಳೆಲ್ಲ ಖಾಲಿಯಾಗುತ್ತಿವೆ. ಗೋಡೆಯ ಮೇಲಿನ ಫಲಕ ಒಂದು ಉಳಿದಿದೆ: 'ಮೊದಲು ಕೇಳಿ, ಆಮೇಲೆ ಬೇಡ ಅನ್ನಿ.' ನೀನು ಆರನೇ ಕ್ಲಾಸಿನಲ್ಲಿದ್ದಾಗ ಬರೆದದ್ದು, 'ಳಿ' ಸ್ವಲ್ಪ ಸೊಟ್ಟ. ಯಾರೇ ಬರಲಿ, ಆ ಸ್ಟೂಲಿನ ಮೇಲೆ ಕೂರಿಸಿ ಒಂದು ಹಾಡು ಕೇಳಿಸದೆ ನಾನು ಕಳಿಸಿದವನಲ್ಲ. ಕೇಳದೇ ಬೇಡ ಎಂದವನು ಈ ಅಂಗಡಿಯಲ್ಲಿ ಒಬ್ಬನೇ. ನೀನು ನಿನ್ನ ಮೊದಲ ಹಾಡನ್ನು ಫೋನಿನಲ್ಲಿ ಹಿಡಿದುಕೊಂಡು ಬಂದಾಗ, "ಕೈಗೆ ಸಿಗದ ಹಾಡು ಎಂಥ ಹಾಡು? ಡಬ್ಬಿ ಇಲ್ಲ, ಮೇಲೊಂದು ಫೋಟೋ ಇಲ್ಲ, ಬೇಡ ತೆಗಿ" ಎಂದು ನಾನೇ ಮೂಗು ಮುರಿದೆ. ಎಂಟು ತಿಂಗಳಾಯಿತು. ಅಮ್ಮನೊಡನೆ ಗಂಟೆಗಟ್ಟಲೆ ಮಾತಾಡುತ್ತೀಯ, ನನ್ನ ಮಾತು ಬಂದರೆ ಫೋನ್ ಇಡುತ್ತೀಯ. ಅದಕ್ಕೇ ಈ ಕಾಗದ.

ಹೋದ ವಾರ ನಿನ್ನ ಹಾಡು ಕೊಂಡೆ. ಕಳಿಸು ಎಂದು ಕೇಳಲು ಮುಖವಿರಲಿಲ್ಲ, ಗಿರಾಕಿಯಾಗಿಯೇ ಕೊಂಡೆ. ಖರೀದಿ ಮುಗಿಯಿತು, ಧನ್ಯವಾದ ಎಂದು ಫೋನಿನಲ್ಲಿ ಬಂತು. ಸರಿ, ನಾಲ್ಕು ದಿನ ಅಂಚೆಯವನ ದಾರಿ ಕಾದೆ. ದಿನಾ ಪಾರ್ಸೆಲ್ ಬಂತೇ ಎಂದು ಕೇಳಿ ಅವನಿಗೂ ತಲೆಕೆಟ್ಟಿತ್ತು. ಕೊನೆಗೆ ಮೋಸ ಹೋದೆ ಎಂದು ರಿಪೇರಿಯವನ ಹತ್ತಿರ ಗೋಳಾಡಿದರೆ, ಅವನು ನನ್ನ ಫೋನು ನೋಡಿ, "ಅಂಕಲ್, ಹಾಡು ಸೋಮವಾರದಿಂದ ನಿಮ್ ಜೇಬಲ್ಲೇ ಇದೆ" ಎಂದ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಯಿತು. ಅಮ್ಮ ಇನ್ನೂ ನಗುತ್ತಿದ್ದಾಳೆ.

ಹಾಡನ್ನು ಇನ್ನೂ ಕೇಳಿಲ್ಲ. ಧೈರ್ಯ ಸಾಲದು. ಚೆನ್ನಾಗಿದ್ದುಬಿಟ್ಟರೆ ನಾನು ಯಾವ ಮುಖ ಹೊತ್ತು ನಿನ್ನೊಡನೆ ಮಾತಾಡಲಿ ಎಂಬ ಹೆದರಿಕೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕಂಠ ಚೆನ್ನಾಗಿರಲಿ, ನೀನೂ ಚೆನ್ನಾಗಿರು.

ನಿನ್ನ
ಅಪ್ಪ

ಕಾಗದ ಮಡಿಸಿದ ಮೇಲೆ ಬರೆಯುತ್ತಿದ್ದೇನೆ: ಕೇಳಿದೆ. ರಿಪೇರಿಯವನಿಂದ ದೊಡ್ಡ ಸ್ಪೀಕರಿಗೆ ಹಾಕಿಸಿಕೊಂಡು, ಬಾಗಿಲು ತೆರೆದಿಟ್ಟು, ಅದೇ ಸ್ಟೂಲಿನ ಮೇಲೆ ಕೂತು ಮೂರು ಸಲ ಕೇಳಿದೆ. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬರು ಒಳಗೆ ಬಂದು, "ಈ ಹಾಡು ನಿಮ್ಮಲ್ಲಿ ಸಿಗುತ್ತಾ?" ಎಂದರು. ಈ ಪ್ರಶ್ನೆ ಕಿವಿಗೆ ಬಿದ್ದು ಎಷ್ಟು ದಿನವಾಗಿತ್ತು! "ಅಂಗಡೀಲಿಲ್ಲಮ್ಮಾ, ಇದು ನಮ್ಮನೇದು" ಎಂದೆ. ತಪ್ಪು ನನ್ನದೇ, ಪುಟ್ಟೀ. ಶನಿವಾರ ಫಲಕ ಇಳಿಸಬೇಕು. ಬರೆದವಳೇ ಬಂದು ಇಳಿಸಿಕೊಡು.